ನಿಮ್ಮವ್ವಗ ಹೇಳು

ಪ್ರತಿ ವರ್ಷ ಕಾಲೇಜು ಶುರುವಾದ ವಾರ ನಾನು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆಯುತ್ತೇನೆ. ಹೇಳುವವರು, ಮಾತು, ಮಾಧ್ಯಮ, ಕೇಳುವವರು. ಒಂದರಿಂದ ಇನ್ನೊಂದಕ್ಕೆ ಬಾಣ. ಕೊನೆಗೆ, ಕೇಳುವವರಿಂದ ಹೇಳುವವರ ಕಡೆಗೆ ತಿರುಗಿ ಬರುವ ಇನ್ನೊಂದು ಬಾಣ, ಅದರ ಹೆಸರು ಪ್ರತಿಕ್ರಿಯೆ. ಹೊಸಪೇಟೆಯ ಈ ಕಾಲೇಜಿಗೆ ಪತ್ರಿಕೋದ್ಯಮ ಓದಲು ಬರುವ ಮೊದಲ ವರ್ಷದ ಮಕ್ಕಳಿಗೆ ನನ್ನ ಮೊದಲ ಪಾಠ ಇದು. ಪಾಪ, ಟಿವಿಯಲ್ಲಿ ಮೈಕು ಹಿಡಿದು ನಿಲ್ಲುವ ಆಸೆ ಇಟ್ಟುಕೊಂಡು ಬಂದವರು, ಸ್ಕೇಲು ಹಿಡಿದು ಚೌಕ ಗೀಚುವಾಗ ಅವರ ಮುಖ ಸಪ್ಪಗಾಗಿರುತ್ತದೆ. ಈ ವರ್ಷ ಕಂಪ್ಲಿಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತು, ಮಾಧ್ಯಮ ಅಂದ್ರ ಪೇಪರು, ರೇಡಿಯೋ, ಟಿವಿ, ಮೊಬೈಲು, ಇಷ್ಟ ಅಲ್ಲೇನ್ರಿ ಮೇಡಂ ಅಂತ ಕೇಳಿದಳು. ಪರೀಕ್ಷೆಗೆ ಅಷ್ಟೇ ಬರಿಯವ್ವ ಅಂದೆ. ಅಷ್ಟಕ್ಕೆ ಸುಮ್ಮನಿರಬಾರದೇ ನಾನು? ಮನುಷ್ಯರೂ ಮಾಧ್ಯಮ ಆಗತಾರ, ನಾನೂ ಸಣ್ಣಾಕಿ ಇದ್ದಾಗ ಆಗಿದ್ದೆ ಅಂದುಬಿಟ್ಟೆ. ಮಕ್ಕಳು ಗೊಳ್ಳೆಂದು ನಕ್ಕರು. ನಾನೂ ನಕ್ಕು ಬೋರ್ಡು ಒರೆಸಿದೆ. ಮುಂದಿನದು ಕ್ಲಾಸಿನಲ್ಲಿ ಹೇಳುವಂಥದ್ದಲ್ಲ, ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಇದ್ದದ್ದು ಬಂಡ್ರಿಯಲ್ಲಿ. ಬಾಗಿಲು ದಾಟಿದರೆ ಬಲಕ್ಕೆ ಎಮ್ಮೆ ಕಟ್ಟುವ ಜಾಗ, ಎಡಕ್ಕೆ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಗೂ ಪಡಸಾಲೆಗೂ ನಡುವೆ ಎದೆಯೆತ್ತರದ ಒಂದು ಗೋಡೆ ಬಿಟ್ಟರೆ ಬೇರೆ ಮರೆ ಇರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಯಾರು ಎಲ್ಲಿ ಕೂತು ಏನಂದರೂ ಎಲ್ಲರಿಗೂ ಕೇಳುತ್ತಿತ್ತು, ಎಮ್ಮೆಗೂ ಸೇರಿ. ಪಡಸಾಲೆಯ ಬಾಗಿಲ ಬದಿಯ ಕಂಬ ಅಜ್ಜಿಯದು. ಅಪ್ಪನ ಅವ್ವ ಆಕೆ. ಆ ಕಂಬಕ್ಕೆ ಒರಗಿ ಕೂತು ಯಾರು ಬಂದರು, ಯಾವ ಹೊತ್ತಿಗೆ ಬಂದರು, ಒಳಗೆ ಬಂದವರು ಮೊದಲು ಏನು ಮುಟ್ಟಿದರು, ಎಲ್ಲವನ್ನೂ ನೋಡುತ್ತಿದ್ದಳು. ಯಾವ ದಿನ ಮನೆ ಸಾರಿಸಬೇಕು, ಯಾವ ದಿನ ಕೊಟ್ಟ ಹೆಣ್ಣುಮಕ್ಕಳನ್ನು ಕಳಿಸಬಾರದು, ಹಾವು ಕಂಡರೆ ಏನು ಮಾಡಬೇಕು, ಓಣಿಯವರೆಲ್ಲ ಬಂದು ಅಜ್ಜಿಯನ್ನೇ ಕೇಳುತ್ತಿದ್ದರು. ಆಕೆ ಹೇಳಿದ್ದಕ್ಕೆ ಎದುರು ಮಾತಾಡಿದವರನ್ನು ನಾನು ನೋಡಿದ್ದಿಲ್ಲ, ನಮ್ಮ ಅವ್ವನನ್ನು ಬಿಟ್ಟರೆ.

ಅವ್ವ ಕಂಪ್ಲಿಯವಳು, ಹೆಸರು ಹಂಪಮ್ಮ. ಹೊಳೆ ನೀರು ಕುಡಿದು, ಗದ್ದೆಯ ಅನ್ನ ಉಂಡು ಬೆಳೆದವಳು, ಬಂಡ್ರಿಯ ಜೋಳದ ರೊಟ್ಟಿಯ ಮನೆಗೆ ಬಂದಿದ್ದಳು. ರೊಟ್ಟಿ ಬಡಿಯುವುದು ಅವಳಿಗೆ ಕೈಗೆ ಹತ್ತಲೇ ಇಲ್ಲ. ಅಂಚು ಒಡೆದ ರೊಟ್ಟಿಯನ್ನು ಅಜ್ಜಿ ಎತ್ತಿ ಹಿಡಿದು ಬೆಳಕಿಗೆ ನೋಡಿ, ಇದರಾಗ ಸಂಡೂರು ಗುಡ್ಡನೂ ಕಾಣತೈತಲ್ಲ ಅನ್ನುತ್ತಿದ್ದಳು. ನಿಮ್ಮ ಮಗ ಆ ಗುಡ್ಡದಾಗನ ಅದಾನಲ್ಲ ಅತ್ತಿ, ನೋಡಿಕೊಳ್ರಿ ಅಂತ ಅವ್ವ ಒಲೆಯ ಮುಂದಿನಿಂದಲೇ ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ನಗುತ್ತಿದ್ದರು. ಜಗಳ ಅಂದರೆ ಅಷ್ಟೇ ಆಗ. ಹಬ್ಬಕ್ಕೆ ಅಜ್ಜಿಯೇ ಅಕ್ಕಿ ತರಿಸಿ, ನಮ್ಮ ಕಂಪ್ಲಿ ಗೌಡಸಾನಿಗೆ ಅನ್ನ ಮಾಡ್ರಿ ಅಂತ ತಾನೇ ಬಡಿಸುತ್ತಿದ್ದಳು. ಅವರಿಬ್ಬರೂ ಒಬ್ಬರ ತಲೆ ಒಬ್ಬರು ಬಾಚುತ್ತ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಮುಂದಾದದ್ದು ನನಗೆ ಇವತ್ತಿಗೂ ಸಹಿಸಲಿಕ್ಕೆ ಆಗುವುದಿಲ್ಲ.

ಅಪ್ಪ ಕೊಟ್ರೇಶಿ ಅದಿರಿನ ಲಾರಿ ಓಡಿಸುತ್ತಿದ್ದ. ಗುಡ್ಡದಿಂದ ಅದಿರು ತುಂಬಿಕೊಂಡು ಹೊಸಪೇಟೆಗೆ ಹೋಗಿ, ಸಂಜೆ ಬರುವಾಗ ಅಲ್ಲಿಯ ಬಸ್‌ ಸ್ಟ್ಯಾಂಡಿನಿಂದ ಅವತ್ತಿನ ಪೇಪರು ತರುತ್ತಿದ್ದ. ಬೆಳಗಿನ ಸುದ್ದಿ ನಮ್ಮ ಮನೆಗೆ ಸಂಜೆ ಮುಟ್ಟುತ್ತಿತ್ತು, ಅದೂ ಅದಿರಿನ ಕೆಂಪು ಧೂಳು ಹತ್ತಿಸಿಕೊಂಡು. ಅಪ್ಪನಿಗೆ ಓದು ಅಷ್ಟಕ್ಕಷ್ಟೇ. ಕೈಕಾಲು ತೊಳೆದು ಅವನು ಉಣ್ಣಲು ಕೂತರೆ, ನಾನು ಎದುರಿಗೆ ಕೂತು ಓದಬೇಕು. ದೊಡ್ಡ ಅಕ್ಷರದ್ದು ಮೊದಲು, ಆಮೇಲೆ ಸಣ್ಣದು. ಅಪ್ಪ ರೊಟ್ಟಿ ಮುರಿಯುತ್ತ ಪೇಪರಿನ ಜೊತೆಗೇ ಜಗಳ ಆಡುತ್ತಿದ್ದ. ಇವ್ನೌನ, ಇದು ಹಿಂಗ ಹೆಂಗ ಆಗತೈತಿ, ಮುಂದ ಓದು ವಿಮ್ಲಿ ಅನ್ನುತ್ತಿದ್ದ. ನಾನು ಉಸಿರು ಕಟ್ಟಿ ಓದುತ್ತಿದ್ದೆ. ತಪ್ಪಿದರೆ ತಿದ್ದುವವರು ಯಾರೂ ಇರಲಿಲ್ಲವಾದ್ದರಿಂದ ತಿಳಿಯದ ಪದಕ್ಕೆ ನನಗೆ ಸರಿ ಕಂಡ ಪದ ಸೇರಿಸಿಬಿಡುತ್ತಿದ್ದೆ. ಮೂವರೂ ನಂಬುತ್ತಿದ್ದರು. ಅಷ್ಟು ಸುಖವಾಗಿ ಯಾರೂ ನನ್ನ ಮಾತು ಆಮೇಲೆ ಕೇಳಲಿಲ್ಲ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸಾವಿನ ಸುದ್ದಿ ತಂದವರು ಹೊಸ್ತಿಲು ದಾಟುವುದಿಲ್ಲ, ಕೂಡುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಸತ್ತ ಅನ್ನುವ ಮಾತನ್ನೂ ಆಡುವುದಿಲ್ಲ. ಜಡ್ಡು ಜೋರಾಗೈತಿ, ದವಾಖಾನ್ಯಾಗ ಅದಾನ, ಒಂದು ಸಲ ಬಂದು ಹೋಗ್ರಿ ಅನ್ನುತ್ತಾರೆ. ಕೇಳಿದವರು ಎದೆ ಒಡೆದುಕೊಳ್ಳಬಾರದು, ದಾರಿಯಲ್ಲಾದರೂ ಮನಸ್ಸು ಗಟ್ಟಿ ಆಗಲಿ ಅಂತ. ಆದ್ದರಿಂದ ಬಂದವರ ಬಾಯಿ ಏನಂತು ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಚೊಂಬು ನೀರು ಕೊಟ್ಟು ನೋಡುತ್ತಾರೆ. ಕುಡಿದರೆ ಜೀವ ಇದೆ. ಬೇಡವೆಂದರೆ ಇಲ್ಲ. ನಮ್ಮ ಓಣಿಯಲ್ಲಿ ಇದು ಎಂದೂ ತಪ್ಪಿದ್ದಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು, ಹೌದು, ಅಲ್ಲಿಯವರೆಗೆ ತಪ್ಪಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದೆ. ಅವತ್ತು ಶಾಲೆಗೆ ಸೂಟಿ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಜ್ಜಿ ಕಂಬದ ಹತ್ತಿರ ಕಡ್ಲಿ ಆರಿಸುತ್ತಿದ್ದಳು. ರಸ್ತೆಯಲ್ಲಿ ಒಂದು ಲಾರಿ ನಿಂತಿತು, ಎಂಜಿನ್ ಆರಿಸಿರಲಿಲ್ಲ. ಗುರುತಿಲ್ಲದ ಒಬ್ಬ ಡ್ರೈವರ್ ಬಾಗಿಲ ಮುಂದೆ ಬಂದು ನಿಂತ. ಆಂಧ್ರದ ಕಡೆಯವನು, ಹೊಸದಾಗಿ ಕೆಲಸಕ್ಕೆ ಸೇರಿದವನು ಅಂತ ಆಮೇಲೆ ತಿಳಿಯಿತು. ಕೊಟ್ರೇಶಿಯ ಲಾರಿ ಘಾಟಿ ಇಳಿಯುವಾಗ ಮಗುಚಿ ಬಿದ್ದಿದೆ, ಅವನನ್ನು ಹೊಸಪೇಟೆ ದವಾಖಾನೆಗೆ ಹಾಕಿದ್ದಾರೆ, ಜಲ್ದಿ ಹೋಗಿ ಅಂದ. ತೆಲುಗು ಬೆರೆಸಿ ಹೇಳಿದರೂ ತಿಳಿಯದ ಮಾತು ಒಂದೂ ಇರಲಿಲ್ಲ ಅದರಲ್ಲಿ. ಅಜ್ಜಿ ಎದ್ದು ನಿಂತು, ಒಳಗ ಬಾರಪ್ಪ, ಕುಂದ್ರು ಅಂದಳು. ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದಳು. ನಾನು ಚೊಂಬು ತುಂಬಿ ತಂದು ಅವನ ಮುಂದೆ ಹಿಡಿದೆ. ಅವನು ಕೈ ಆಡಿಸಿ, ಬ್ಯಾಡಮ್ಮ, ಲಾರಿ ನಿಂತೈತಿ ಅಂದು ತಿರುಗಿ ಹೋಗಿಯೇಬಿಟ್ಟ. ಪದ್ಧತಿ ಗೊತ್ತಿದ್ದರೆ ಒಂದು ಗುಟುಕಾದರೂ ಕುಡಿಯುತ್ತಿದ್ದ. ಅವನಿಗೆ ಎಲ್ಲಿಯ ಗೊತ್ತು, ಪಾಪ. ನಡುರಸ್ತೆಯಲ್ಲಿ ಲಾರಿ ಬಿಟ್ಟು ಬಂದವನಿಗೆ ಅದರದ್ದೇ ಚಿಂತೆ.

ಅಜ್ಜಿ ನನ್ನ ಕೈಯಿಂದ ಚೊಂಬು ಕಿತ್ತುಕೊಂಡು ಅಡುಗೆಮನೆಗೆ ಹೋಗಿ ಉರಿಯುವ ಒಲೆಗೆ ಆ ನೀರು ಸುರಿದಳು. ಸತ್ತ ಮನೆಯಲ್ಲಿ ಒಲೆ ಉರಿಯಬಾರದಲ್ಲ. ಹಂಚಿನ ಮೇಲೆ ರೊಟ್ಟಿ ಅರ್ಧ ಬೆಂದಿತ್ತು. ಆಮೇಲೆ ಆಕೆ ಅಲ್ಲೇ ಕುಸಿದು ಕೂತು, ಮಗನ ಹೆಸರು ಹಿಡಿದು ಅಳತೊಡಗಿದಳು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಿದ್ದಳು.

"ಅತ್ತಿ, ದವಾಖಾನ್ಯಾಗ ಅದಾನ ಅಂದ್ನಲ್ಲ ಆತ."

"ಎಲ್ಲಾರೂ ಹಂಗ ಅಂತಾರ. ನೀರು ಮುಟ್ಟಲಿಲ್ಲ, ನೀ ನೋಡಲಿಲ್ಲೇನು?"

"ನಾ ಒಂದ ಸಲ ಹೋಗಿ ನೋಡಿ ಬರತೀನಿ."

"ಎಲ್ಲಿಗೆ ಹೋಗತಿ? ಈಗ ಕರಕೊಂಡು ಬರತಾರ. ನೀ ಒಂದು ದಾರಿ, ಅವನು ಒಂದು ದಾರಿ ಆದ್ರ, ಮನಿಗೆ ಬಂದವನ ಮುಂದ ಹೆಂಡತಿ ಇಲ್ಲದಂಗ ಆಗತೈತಿ. ಕುಂದ್ರು."

ಅಷ್ಟರಲ್ಲಿ ಓಣಿಯ ಹೆಣ್ಣುಮಕ್ಕಳು ಬಂದು ಅವ್ವನನ್ನು ಹಿಡಿದು ಕೂಡಿಸಿದ್ದರು. ನೀರು ಬೇಡ ಅಂದ್ನಂತ ಅನ್ನುವ ಮಾತು ಒಬ್ಬರಿಂದ ಒಬ್ಬರಿಗೆ ಹೋಗಿ ಊರು ತುಂಬಿತು. ಗಂಡಸರು ಬೀಗರ ಊರುಗಳಿಗೆ ಸುದ್ದಿ ಕಳಿಸಿದರು, ಸಂಡೂರಿನಿಂದ ಬಟ್ಟೆ ತರಿಸಿದರು. ಯಾರೂ ಅನುಮಾನ ಪಡಲಿಲ್ಲ. ಅಜ್ಜಿಯೊಬ್ಬಳ ತಪ್ಪಲ್ಲ ಅದು ಅಂತ ನಾನು ಈಗ ಹೇಳಬಲ್ಲೆ. ಆಕೆಯ ಜಾಗದಲ್ಲಿ ಆ ಊರಿನ ಯಾರಿದ್ದರೂ ಆ ಒಲೆಗೆ ನೀರು ಹಾಕುತ್ತಿದ್ದರು. ಅವ್ವ ಮಾತ್ರ ನಡುನಡುವೆ ಎದ್ದು ನಿಲ್ಲುತ್ತಿದ್ದಳು, ಹೆಂಗಸರು ಮತ್ತೆ ಕೂಡಿಸುತ್ತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಖಾಜಾ ಮಾಮ ಬಂದ. ಅಪ್ಪನ ಜೊತೆಯ ಡ್ರೈವರ್, ಗೆಳೆಯ. ಬೆಳಗಿನಿಂದ ದವಾಖಾನೆಯಲ್ಲಿ ಅಪ್ಪನ ಹತ್ತಿರವೇ ಇದ್ದವನು, ನಮ್ಮ ದಾರಿ ನೋಡಿ ನೋಡಿ ಸಾಕಾಗಿ ತಾನೇ ಕರೆಯಲು ಬಂದಿದ್ದ. ಅಂಗಿಯ ಮೇಲೆ ರಕ್ತ ಒಣಗಿತ್ತು. ಜನರನ್ನು ಸರಿಸಿಕೊಂಡು ನೇರವಾಗಿ ಒಳಗೆ ಬಂದು, ನೀರು ಕೊಡವ್ವ ವಿಮ್ಲಿ ಅಂದು, ಚೊಂಬು ಎತ್ತಿ ಗಟಗಟ ಕುಡಿದ. ಅಳುತ್ತಿದ್ದವರೆಲ್ಲ ಒಮ್ಮೆಲೇ ಅಳು ನಿಲ್ಲಿಸಿದರು. ಅವನಿಗೆ ಏನೂ ತಿಳಿಯಲಿಲ್ಲ. ಇದ್ಯಾಕ ಇಷ್ಟು ಮಂದಿ ಕೂಡ್ಯಾರ ಅಂತ ಸುತ್ತ ನೋಡಿದ.

"ಯಕ್ಕಾ, ಯಾಕ ಇನ್ನೂ ಬಂದಿಲ್ಲ ನೀನು? ಕೊಟ್ರೇಶಿ ಮುಂಜಾನಿಂದ ನಿನ್ನನ್ನ ಕೇಳಾಕತ್ತಾನ."

ಅಜ್ಜಿಯ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಅವ್ವ ಚಪ್ಪಲಿ ಹಾಕಿಕೊಳ್ಳದೆ ಹೊರಟಳು. ನಾನು ಅವಳ ಸೆರಗು ಹಿಡಿದು ಓಡಿದೆ. ಖಾಜಾ ಮಾಮನ ಲಾರಿಯಲ್ಲಿ ಅವ್ವ ಕೈಗೆ ಹತ್ತಿದ ಹಿಟ್ಟು ಒಣಗಿದ್ದನ್ನು ಉಗುರಿನಿಂದ ಕೆರೆಯುತ್ತಿದ್ದಳು. ಸಂಡೂರು ದಾಟಿದ ಮೇಲೆ ಅದಿರಿನ ಲಾರಿಗಳು ಸಾಲಾಗಿ ನಿಂತಿದ್ದವು, ದಾರಿ ಸಿಗಲಿಲ್ಲ. ಖಾಜಾ ಮಾಮ ಹಾರ್ನು ಒತ್ತಿ ಒತ್ತಿ ಅಳತೊಡಗಿದ. ನಾವು ವಾರ್ಡಿಗೆ ಹೋದಾಗ ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅವ್ವ ಅವನ ಪಾದ ಹಿಡಿದುಕೊಂಡಳು. ಬೆಚ್ಚಗ ಅದಾವ ಖಾಜಾ, ಇನ್ನೂ ಬೆಚ್ಚಗ ಅದಾವ ಅಂದಳು. ಪಕ್ಕದ ಮಂಚದ ಹತ್ತಿರ ಕೂತಿದ್ದ ಹೆಂಗಸು, ಈಗಿನ್ನೂ ಬಾಗಿಲ ಕಡೆನ ನೋಡಾಕತ್ತಿದ್ರವ್ವ, ನಮ್ಮವರು ಬಂದ್ರೇನು ಅಂತ ಕೇಳಾಕತ್ತಿದ್ರು ಅಂದಳು. ಆ ಹೆಂಗಸು ಅದನ್ನು ಹೇಳದಿದ್ದರೆ ಚೆನ್ನಾಗಿತ್ತು ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೇನೆ.

ಮರುದಿನದ ಪೇಪರನ್ನು ಖಾಜಾ ಮಾಮ ತಂದುಕೊಟ್ಟ. ಒಳಪುಟದಲ್ಲಿ ಒಂದು ಸಣ್ಣ ಸುದ್ದಿ. ಲಾರಿ ಮಗುಚಿದ್ದು, ಚಾಲಕನ ಹೆಸರು, ಊರು, ಚಿಕಿತ್ಸೆ ಫಲಕಾರಿಯಾಗದೆ ಮೃತಪಟ್ಟದ್ದು, ಎಲ್ಲ ಇತ್ತು. ಓದು ಅಂತ ಹೇಳುವವನೇ ಇರಲಿಲ್ಲ, ನಾನು ಎಮ್ಮೆಯ ಹತ್ತಿರ ಕೂತು ಮನಸ್ಸಿನಲ್ಲೇ ಓದಿಕೊಂಡೆ. ಅವನು ದಾರಿ ನೋಡಿದ್ದು ಅದರಲ್ಲಿ ಇರಲಿಲ್ಲ.

ದಿನಗಳೆಲ್ಲ ಮುಗಿದು ಬೀಗರು ಹೋದ ಮೇಲೆ ಒಲೆ ಮತ್ತೆ ಹತ್ತಿತು. ಅಜ್ಜಿ ಕಂಬದ ಹತ್ತಿರದಿಂದ, ಹಂಪಮ್ಮ, ರೊಟ್ಟಿ ನಾ ಬಡಿಯಲೇನು ಅಂತ ಕೇಳಿದಳು. ಅವ್ವ ಆಕೆಯ ಕಡೆ ತಿರುಗಲಿಲ್ಲ. ನನ್ನನ್ನು ನೋಡಿದಳು.

"ನಿಮ್ಮಜ್ಜಿಗೆ ಹೇಳು, ನಾನ ಬಡೀತೀನಿ ಅಂತ."

ಅಜ್ಜಿ ಅಲ್ಲೇ ಇದ್ದಳು, ನಡುವೆ ಇದ್ದದ್ದು ಆ ಎದೆಯೆತ್ತರದ ಗೋಡೆ ಅಷ್ಟೇ. ಅಜ್ಜಿಯ ಕಡೆ ತಿರುಗಿ, ಅವ್ವ ತಾನ ಬಡೀತಾಳಂತ ಅಂದೆ. ಅಜ್ಜಿಯೂ ನನ್ನನ್ನೇ ನೋಡಿ, ನಿಮ್ಮವ್ವಗ ಹೇಳು, ಹಿಟ್ಟು ಬಿಸಿನೀರಾಗ ಕಲಸು ಅಂತ ಅಂದಳು. ಅವತ್ತಿನಿಂದ ಶುರುವಾಯಿತು. ಕಂಪ್ಲಿಯಿಂದ ನಮ್ಮ ಮಾವಂದಿರು ಬಂದು ಕರೆದರೂ ಅವ್ವ ಹೋಗಲಿಲ್ಲ. ಅಜ್ಜಿಗೆ ಬೇರೆ ಯಾರೂ ಇರಲಿಲ್ಲ, ಮುದುಕಿಯನ್ನು ಬಿಟ್ಟು ಎಲ್ಲಿಗೆ ಹೋಗಲಿ ಅಂದಳು. ಗಣಿಯಲ್ಲಿ ಅದಿರು ಆರಿಸುವ ಕೂಲಿಗೆ ಸೇರಿಕೊಂಡು ದುಡಿದು ತಂದು ಹಾಕಿದಳು. ಅಜ್ಜಿಗೆ ಜ್ವರ ಬಂದರೆ ಕಷಾಯ ಮಾಡಿದಳು, ಸೀರೆ ಒಗೆದಳು. ಮಾತು ಮಾತ್ರ ಕೊಡಲಿಲ್ಲ.

ಹಾಗೆ ನಾನು ಮಾಧ್ಯಮವಾದೆ. ಶಾಲೆಯಿಂದ ಬಂದು ಚೀಲ ಇಡುವುದರೊಳಗೆ ಎರಡೂ ಕಡೆಯಿಂದ ಶುರು. ನಿಮ್ಮಜ್ಜಿಗೆ ಹೇಳು, ಅಂಗಡಿಯಿಂದ ಬೆಲ್ಲ ತರಿಸಿಕೊಳ್ಳಲಿ. ನಿಮ್ಮವ್ವಗ ಹೇಳು, ಎಮ್ಮಿ ಇವತ್ತು ಹಾಲು ಹಿಂಡಗೊಡಲಿಲ್ಲ. ಹೇಳಿದ್ದು ಇಬ್ಬರಿಗೂ ಕೇಳಿರುತ್ತಿತ್ತು, ಆದರೂ ನಾನು ತಿರುಗಿ ಹೇಳುವ ತನಕ ಉತ್ತರ ಕೊಡುತ್ತಿರಲಿಲ್ಲ. ನಾನು ಇಲ್ಲದಾಗ ಎಮ್ಮೆಗೆ ಹೇಳುತ್ತಿದ್ದರು. ಶಾಲೆಯಿಂದ ಹಂಪಿ ನೋಡಲು ಕರೆದುಕೊಂಡು ಹೋದ ದಿನ ಸಂಜೆ ಬಂದು ನೋಡುತ್ತೇನೆ, ಅಜ್ಜಿ ಎಮ್ಮೆಯ ಮುಂದೆ ನಿಂತು, ಮಧ್ಯಾಹ್ನ ಉಂಡಿಲ್ಲ ಆಕಿ, ಗಡಿಗ್ಯಾಗ ಮಜ್ಜಿಗಿ ಐತಿ ಅಂತ ಹೇಳು ಅನ್ನುತ್ತಿದ್ದಳು. ಒಲೆಯ ಹತ್ತಿರ ಕೂತ ಅವ್ವನಿಗೆ ಕೇಳಿಸಲಿ ಅಂತ ಗಟ್ಟಿಯಾಗಿ ಹೇಳುತ್ತಿದ್ದಳು. ನನಗೆ ನಗು ಬಂತು. ಆಮೇಲೆ ಅಳು ಬಂತು.

ಬರಬರುತ್ತ ನಾನು ಮಾತು ತಿದ್ದಲು ಕಲಿತೆ. ಸಾರಿಗೆ ಉಪ್ಪು ಸುರುವ್ಯಾಳ, ನಾಲಿಗಿ ಸತ್ತೈತೇನು ಕೇಳು ಅಂತ ಅಜ್ಜಿ ಅಂದರೆ, ಉಪ್ಪು ಒಂಚೂರು ಮುಂದಾಗೈತಂತವ್ವ ಅನ್ನುತ್ತಿದ್ದೆ. ಕಣ್ಣು ಕಾಣಲಿಕ್ಕಿಲ್ಲ, ಕಡ್ಲ್ಯಾಗ ಕಲ್ಲು ಬಿಟ್ಟಾಳ ಅಂತ ಅವ್ವ ಅಂದರೆ, ಅಜ್ಜಿ, ಮಬ್ಬು ಬೆಳಕಿನಾಗ ಆರಿಸಬ್ಯಾಡಂತ ಅನ್ನುತ್ತಿದ್ದೆ. ಮೊದಲಿನ ಮಾತನ್ನು ಕಿವಿಯಾರೆ ಕೇಳಿದವರು ನನ್ನ ಮಾತಿಗೇ ಉತ್ತರ ಕೊಡುತ್ತಿದ್ದರು. ಅವರಿಗೆ ನನ್ನ ಮಾತೇ ಬೇಕಾಗಿತ್ತೋ ಏನೋ. ಇನ್ನೊಂದು ಬದಲಾವಣೆ ಏನೆಂದರೆ, ನಮ್ಮ ಬಾಗಿಲಿಗೆ ಯಾರು ಬಂದರೂ ಅವ್ವ ನೀರು ಕುಡಿಸದೆ ಬಿಡುತ್ತಿರಲಿಲ್ಲ, ಪೋಸ್ಟಿನವನಿಂದ ಬಳೆಗಾರನವರೆಗೆ. ಯಾರದಾದರೂ ಜಡ್ಡಿನ ಸುದ್ದಿ ತಂದರಂತೂ, ಮೊದಲು ಅದಾರೋ ಇಲ್ಲೋ ಅದನ್ನ ಹೇಳು, ಉಳಿದಿದ್ದು ಆಮ್ಯಾಲ ಅನ್ನುತ್ತಿದ್ದಳು. ಓಣಿಯವರು ಹಿಂದಿನಿಂದ ನಗುತ್ತಿದ್ದರು. ಅವಳು ಕೇರ್ ಮಾಡಲಿಲ್ಲ.

ಒಂದೇ ಒಂದು ಸಲ ಅಜ್ಜಿ ನನ್ನ ಕೈಯಲ್ಲಿ ಬೇರೆ ಮಾತು ಕಳಿಸಿದಳು. ನಾನು ಆಗ ಹೈಸ್ಕೂಲು. ಅವ್ವ ಕೂಲಿಗೆ ಹೋಗಿದ್ದಳು. ಅಜ್ಜಿ ಶೇಂಗಾ ಬಿಡಿಸುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು.

"ನಿಮ್ಮವ್ವಗ ಹೇಳು, ನಾ ಗೊತ್ತಿದ್ದು ಮಾಡಲಿಲ್ಲ ಅಂತ. ನನ್ನ ಹೊಟ್ಯಾಗ ಹುಟ್ಟಿದವನು ಅವನು ಅಂತ ಹೇಳು."

ಅದನ್ನು ನಾನು ತಿದ್ದಲಿಲ್ಲ, ಒಂದಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ. ಸಂಜೆ ಅವ್ವ ಕೈಕಾಲು ತೊಳೆಯುವಾಗ ಹಿತ್ತಲಲ್ಲಿ ಹೇಳಿದೆ. ಅವ್ವ ಬಹಳ ಹೊತ್ತು ಕಾಲಿನ ಮೇಲೆ ನೀರು ಹಾಕಿಕೊಳ್ಳುತ್ತಲೇ ಇದ್ದಳು. ಕೆಂಪು ಧೂಳೆಲ್ಲ ಹೋಗಿ ನೀರು ತಿಳಿಯಾದ ಮೇಲೂ ಹಾಕಿಕೊಂಡಳು.

"ಇದು ನಿನ್ನ ಕೈಯಾಗ ಕಳಸೋ ಮಾತಲ್ಲ ವಿಮ್ಲಿ. ಹೇಳೋದಿದ್ರ ತಾನ ಬಂದು ಹೇಳಲಿ."

ಅಜ್ಜಿ ಕಂಬದ ಹತ್ತಿರ ಕಾಯುತ್ತಿದ್ದಳು. ಅವ್ವ ಏನಂದ್ಲು ಅಂತ ಕಣ್ಣಿನಲ್ಲೇ ಕೇಳಿದಳು. ಅಜ್ಜಿ, ನೀನ ಬಂದು ಹೇಳಬೇಕಂತ ಅಂದೆ. ಅಜ್ಜಿ ತಲೆ ಆಡಿಸಿದಳು. ಎದ್ದು ಅಡುಗೆಮನೆಯ ಗೋಡೆಯ ತನಕ ಹೋದಳು, ಗೋಡೆಯ ಮೇಲೆ ಕೈ ಇಟ್ಟು ನಿಂತಳು. ಆ ಕಡೆ ಅವ್ವ ಒಲೆ ಊದುತ್ತಿದ್ದಳು. ನಾನು ನೋಡುತ್ತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂದುಕೊಂಡೆ. ಅಜ್ಜಿ ಸ್ವಲ್ಪ ಹೊತ್ತು ನಿಂತು, ನೀರು ಕುಡಿದು, ತಿರುಗಿ ಬಂದು ಕಂಬಕ್ಕೆ ಒರಗಿದಳು. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಪಿಯುಸಿ ಮುಗಿಸಿ ನಾನು ಹೊಸಪೇಟೆಗೆ ಬಿ.ಎ. ಓದಲು ಬಂದೆ. ಪತ್ರಿಕೋದ್ಯಮ ತಗೊಂಡೀನಿ ಅಂದಾಗ ಅಜ್ಜಿ, ಸುದ್ದಿ ಹೇಳೋದು ಕಲಿಯಾಕ ಕಾಲೇಜಿಗೆ ಹೋಗಬೇಕೇನು, ನಮ್ಮ ಓಣಿ ಬಾವಿ ಕಟ್ಟಿ ಮ್ಯಾಲ ಕುಂದ್ರು ಸಾಕು ಅಂತ ನಕ್ಕಳು. ಅವ್ವ ನಗಲಿಲ್ಲ. ಕಲೀಲಿ, ಸರಿಯಾಗಿ ಹೇಳೋದು ಒಬ್ಬರಾದ್ರೂ ಕಲೀಲಿ ಅಂದಳು, ಯಾರ ಕಡೆಗೂ ನೋಡದೆ. ಹಾಸ್ಟೆಲಿಗೆ ಹೊರಡುವ ದಿನ ನನಗೆ ಬೇರೆಯದೇ ಚಿಂತೆ. ನಾ ಹೋದ್ರ ನೀವಿಬ್ಬರೂ ಹೆಂಗವ್ವ ಅಂದೆ. ಎಮ್ಮಿ ಐತಲ್ಲ ಹೋಗು ಅಂದಳು ಅವ್ವ.

ನಮಗೆ ಆಗ ಪಾಠ ಮಾಡಿದ ಸರ್ ಹಿಂದೆ ಪೇಪರಿನಲ್ಲಿ ಕೆಲಸ ಮಾಡಿ ಬಂದವರು. ಬೋರ್ಡಿನ ಮೇಲೆ ಅದೇ ನಾಲ್ಕು ಚೌಕ ಬರೆದರು. ಹೇಳಿದ ಮಾತು ಕೆಡುವುದು ಬಾಯಲ್ಲಿ ಮಾತ್ರ ಅಲ್ಲ, ಕೇಳುವವರು ಅದನ್ನು ಯಾವ ಕಟ್ಟಳೆಯಲ್ಲಿ ಬಿಡಿಸಿಕೊಳ್ಳುತ್ತಾರೆ ಅನ್ನುವುದರಲ್ಲೂ ಕೆಡುತ್ತದೆ ಅಂದರು. ಇನ್ನೊಂದು ದಿನ ಸುದ್ದಿ ಬರೆಯುವ ಕ್ರಮ ಹೇಳಿಕೊಟ್ಟರು. ತಲೆಕೆಳಗಾದ ಪಿರಮಿಡ್ಡಿನ ಹಾಗೆ, ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಸಾಲಿನಲ್ಲೇ ಬರಬೇಕು, ಓದುವವನು ಅಲ್ಲಿಗೇ ನಿಲ್ಲಿಸಿದರೂ ಅವನಿಗೆ ವಿಷಯ ಗೊತ್ತಾಗಿರಬೇಕು. ಬಾಗಿಲಲ್ಲಿ ಚೊಂಬು ಹಿಡಿದು, ಮೊದಲು ಅದಾರೋ ಇಲ್ಲೋ ಅದನ್ನ ಹೇಳು ಅನ್ನುವ ಅವ್ವ ಕಣ್ಣಿಗೆ ಬಂದಳು. ನಾನು ಡೆಸ್ಕಿನ ಮೇಲೆ ತಲೆ ಇಟ್ಟು ಅತ್ತೆ. ಪಕ್ಕದ ಹುಡುಗಿ ಹೊಟ್ಟಿನೋವೇನು ಅಂತ ಕೇಳಿದಳು, ಹೌದು ಅಂದೆ.

ಆ ವರ್ಷ ಮುಗಿಯುವ ಮುಂಚೆ, ಒಂದು ಬೆಳಿಗ್ಗೆ ಖಾಜಾ ಮಾಮ ಹಾಸ್ಟೆಲಿಗೆ ಬಂದ. ಗೇಟಿನ ಒಳಗೆ ಬಂದು, ಕುರ್ಚಿಯಲ್ಲಿ ಕೂತು, ನೀರು ಕೇಳಿ ಕುಡಿದ. ಹಂಪಮ್ಮ ಹಿಂಗ ಹೇಳು ಅಂತ ಹೇಳಿ ಕಳಿಸ್ಯಾಳ ಅಂದ.

"ಅಜ್ಜಿ ಅದಾಳ. ಭಾಳ ಹೊತ್ತು ಇರಂಗಿಲ್ಲ. ಈಗ ಹೊರಡು."

ಇಷ್ಟು ಸರಿಯಾಗಿ ಬರೆದ ಸುದ್ದಿಯನ್ನು ನಾನು ಈ ಕೆಲಸಕ್ಕೆ ಬಂದ ಮೇಲೂ ಓದಿಲ್ಲ. ಉಟ್ಟ ಬಟ್ಟೆಯಲ್ಲೇ ಅವನ ಲಾರಿ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ನಾನು ಮುಟ್ಟಬೇಕು. ಅಜ್ಜಿ ಹೇಳಿದ್ದನ್ನು ಅವ್ವನಿಗೆ ಹೇಳಬೇಕು, ಅವ್ವ ಹೇಳಿದ್ದನ್ನು ಅಜ್ಜಿಗೆ ಹೇಳಬೇಕು. ಈ ಸಲ ಅವ್ವ ಬೇಡ ಅಂದರೂ ಬಿಡುವುದಿಲ್ಲ, ಇಬ್ಬರ ಕೈ ಹಿಡಿದು ಹತ್ತಿರ ಕೂಡಿಸುತ್ತೇನೆ. ನಾನಿಲ್ಲದೆ ಅವರಿಗೆ ಆಗುವುದಿಲ್ಲ ಅಂತಲೇ ನಂಬಿದ್ದೆ.

ಮನೆಯ ಮುಂದೆ ಓಣಿಯವರು ನಿಂತಿದ್ದರು. ಅಜ್ಜಿಯನ್ನು ಪಡಸಾಲೆಯಲ್ಲಿ ಕಂಬದ ಹತ್ತಿರವೇ ಮಲಗಿಸಿದ್ದರು. ಅವ್ವ ಆಕೆಯ ತಲೆಯ ಬದಿಗೆ ಕೂತಿದ್ದಳು. ಒಬ್ಬರ ಪಕ್ಕ ಒಬ್ಬರು ಅಷ್ಟು ಹತ್ತಿರ ಇದ್ದದ್ದನ್ನು ನಾನು ತಲೆ ಬಾಚುತ್ತಿದ್ದ ಕಾಲದಿಂದ ನೋಡಿರಲಿಲ್ಲ. ನಾನು ಕೇಳುವ ಮುಂಚೆಯೇ ಅವ್ವ, ಅಜ್ಜಿ ಹೋದ್ಲವ್ವ, ಈಗಿನ್ನೂ ಸ್ವಲ್ಪ ಹೊತ್ತಾತು ಅಂದಳು. ನಾನು ಅಜ್ಜಿಯ ಪಾದ ಹಿಡಿದೆ. ಇನ್ನೂ ಬೆಚ್ಚಗಿದ್ದವು. ಆಗ ತಡೆಯಲಾಗಲಿಲ್ಲ ನನಗೆ, ಅಪ್ಪನಿಗೂ ಅಜ್ಜಿಗೂ ಸೇರಿಸಿ ಅತ್ತೆ.

ಮಧ್ಯಾಹ್ನ, ಬರಬೇಕಾದವರನ್ನು ಕಾಯುತ್ತ ಜನ ಹೊರಗೆ ನಿಂತಿದ್ದಾಗ, ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. ಒಲೆ ಆರಿತ್ತು. ಒಂದು ಚೊಂಬು ನೀರು ಕೊಟ್ಟಳು. ನಾನು ಕುಡಿಯುವ ತನಕ ಕಾದಳು.

"ಮಾತಾಡಿದೆ," ಅಂದಳು.

"ಯಾರ ಜೋಡಿ?"

"ನಿಮ್ಮಜ್ಜಿ ಜೋಡಿ. ಮುಂಜಾನೆ, ಮನ್ಯಾಗ ಯಾರೂ ಇರಲಿಲ್ಲ. ಅತ್ತಿ ಅಂತ ಕರದೆ. ಕಿವ್ಯಾಗ ಹೇಳಿದೆ."

"ಏನಂದಿ ಅವ್ವ?"

"ಅದು ನಿನ್ನ ಕೈಯಾಗ ಕೊಡೋ ಮಾತಲ್ಲ."

ಅವ್ವ ಗೋಡೆಯ ಮೇಲೆ, ಅಜ್ಜಿ ಅವತ್ತು ಕೈ ಇಟ್ಟ ಜಾಗದಲ್ಲೇ ಕೈ ಇಟ್ಟು ಪಡಸಾಲೆಯ ಕಡೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವ್ವನ ಮುಖದಲ್ಲಿ ಅಂಥ ದೈನ್ಯವನ್ನು ನಾನು ಅಪ್ಪ ಸತ್ತಾಗಲೂ ನೋಡಿರಲಿಲ್ಲ.

"ಉಸಿರಿತ್ತು, ಕಣ್ಣು ಮುಚ್ಚಿಕೊಂಡಿದ್ಲು. ಕೈ ಹಿಡಕೊಂಡಿದ್ದೆ, ಬೆರಳು ಅಲ್ಲಾಡಲಿಲ್ಲ. ನಿಮ್ಮ ಕಾಲೇಜಿನಾಗ ಇದನ್ನೆಲ್ಲ ಹೇಳಿಕೊಡ್ತಾರಲ್ಲ ವಿಮ್ಲಿ. ಕೇಳಿಸಿರತೈತೇನು?"

ಬೋರ್ಡಿನ ಮೇಲಿನ ಚೌಕಗಳು ಕಣ್ಣ ಮುಂದೆ ಬಂದವು. ತಿರುಗಿ ಬರುವ ಬಾಣ ಇಲ್ಲದಿದ್ದರೆ ಮಾತು ಮುಟ್ಟಿತೋ ಇಲ್ಲವೋ ಹೇಳಲಾಗದು ಅಂತ ಸರ್ ಬರೆಸಿದ್ದರು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ.

"ಕೇಳಿಸಿರತೈತವ್ವ," ಅಂದೆ. "ಕೊನೀತನಕ ಕಿವಿ ಕೇಳತಾವಂತ."

ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅಷ್ಟು ವರ್ಷ ನಾನು ತಂದ ಮಾತುಗಳಲ್ಲಿ ಅಜ್ಜಿಯದ್ದು ಯಾವುದು, ನಾನು ಸೇರಿಸಿದ್ದು ಯಾವುದು ಅಂತ ಅವಳಿಗೆ ಯಾವಾಗಲೂ ಗೊತ್ತಾಗುತ್ತಿತ್ತು.

"ಹೂಂ," ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೋಗಿ ಮತ್ತೆ ಅಜ್ಜಿಯ ತಲೆಯ ಬದಿಗೆ ಕೂತಳು.